ಮುದ್ದೆ ಮಾತ್ರ ಸಾಕು ಅನ್ನುವ ಮಗಳ ಬಗ್ಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಮಂಡ್ಯದವಳು. ಮಗಳು ಮೈಸೂರಿನಲ್ಲಿ ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರ್ ಕೋರ್ಸು, ಕೊನೆಯ ವರ್ಷ ಓದುತ್ತಿದ್ದಾಳೆ. ಹೋದ ತಿಂಗಳು ಹಾಸ್ಟೆಲಿನಿಂದ ಬಂದವಳು, ಚಪಾತಿ ಬೇಡ, ಮುದ್ದೆ ಮಾಡಮ್ಮಾ ಅಂದಳು. ಮೂರು ದಿನ, ಎರಡು ಹೊತ್ತೂ ಮುದ್ದೆ. ಮನೆ ಊಟ ನೆನಪಾಗಿದೆ ಅಂತ ನನಗೆ ಖುಷಿ. ಆಮೇಲೆ ಗೊತ್ತಾಯ್ತು, ಮುದ್ದೆಯಾದರೆ ಅಗಿಯಬೇಕಾಗಿಲ್ಲ, ನುಂಗಿದರೆ ಆಯ್ತು, ಅದಕ್ಕೆ. ಅವಳು ಆಕಳಿಸಿದಾಗ ಕಿವಿಯ ಮುಂದೆ ಟಕ್ ಅನ್ನುವ ಸದ್ದು ಪಕ್ಕದಲ್ಲಿ ಕೂತಿದ್ದ ನನಗೇ ಕೇಳಿಸಿತು. 'ಬಾಯಿ ತೆರೆದರೆ ಒಂದರ ಕೆಳಗೊಂದು ಮೂರು ಬೆರಳು ಹಿಡಿಸಬೇಕಮ್ಮಾ, ನನಗೆ ಎರಡೇ' ಅಂತ ಬೆರಳಿಟ್ಟು ತೋರಿಸಿದಳು.

ಇದು ದವಡೆ ಕೀಲಿನ ತೊಂದರೆ. ಓದುವ ಮಕ್ಕಳು ಟಿಎಂಡಿ ಅನ್ನುತ್ತಾರೆ. ಕೀಲಿನೊಳಗೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದಂತೆ, ಅದು ಜಾಗ ಬಿಟ್ಟು ಸರಿದರೆ ಆ ಸದ್ದು. ಸುಮ್ನೆ ಇರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ಟೆನ್ಷನ್ ಜಾಸ್ತಿಯಾದರೆ ಗೊತ್ತಿಲ್ಲದೆ ಕಚ್ಚಿ ಹಿಡಿಯುತ್ತೇವೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೇವೆ. ಕಾರಣ ಇದೊಂದೇ ಅಲ್ಲ, ಆದರೆ ನನ್ನ ಮಗಳ ವಿಷಯದಲ್ಲಿ ಟೆನ್ಷನ್ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು.

ಕೋಟಾ, ಸಾರ್. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಹಲ್ಲಿಲ್ಲದವರಿಗೆ ಇಷ್ಟು ಹಲ್ಲಿನ ಸೆಟ್ ಮಾಡಿಕೊಡಬೇಕು ಅಂತ ಲೆಕ್ಕ. ಕಲಿಯಬೇಕಲ್ವಾ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪೇಷೆಂಟನ್ನೂ ಮಕ್ಕಳೇ ಹುಡುಕಿಕೊಂಡು ಬರಬೇಕಾಗಿದೆ. ನಮ್ಮೂರಿನ ಅಜ್ಜಿಯೊಬ್ಬರನ್ನು ಸೆಟ್ ಹಾಕಿಸಲು ಒಪ್ಪಿಸಿದ್ದು ನಾನೇ. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜಿನ ಚಿಂತೆ ಇರಲಿಲ್ಲ. ಆದರೆ ಒಂದು ಸೆಟ್ಟಿಗೆ ನಾಲ್ಕೈದು ಸಲ ಹೋಗಬೇಕು. ಅಚ್ಚು ತೆಗೆಯೋದು, ಮತ್ತೆ ಅಚ್ಚು, ಅಳತೆ, ಮೇಣದಲ್ಲಿ ಹಲ್ಲು ಕೂರಿಸಿ ನೋಡೋದು. ನಾಲ್ಕನೇ ಸಲ ಅಜ್ಜಿ ಬರಲಿಲ್ಲ. ಮನೆಯಲ್ಲಿ ನಾಟಿ, ಮೊಮ್ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಅಜ್ಜಿಯದೇನೂ ತಪ್ಪಿಲ್ಲ. ಆದರೆ ರಾತ್ರಿ ಹನ್ನೆರಡರವರೆಗೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿದ್ದು ಲೆಕ್ಕಕ್ಕೆ ಬರಲಿಲ್ಲ. ಕೋಟಾ ಮುಗಿಯದಿದ್ದರೆ ಪರೀಕ್ಷೆಗೆ ಕೂರಿಸಲ್ಲ ಅಂದಿದ್ದಾರಂತೆ. ಅವತ್ತು ಫೋನಿನಲ್ಲಿ ಅವಳಿಗೆ ಮಾತೇ ಹೊರಡಲಿಲ್ಲ.

ಬಿಪಿಎಲ್ ಕಾರ್ಡಿರುವ ವಯಸ್ಸಾದವರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲು ದಂತಭಾಗ್ಯ ಯೋಜನೆ ಅಂತ ಸರ್ಕಾರವೇ ಮಾಡಿದೆ. ಹಳ್ಳಿಗಳಲ್ಲಿ ಹಲ್ಲಿಲ್ಲದ ಹಿರಿಯರಿಗೆ ಕೊರತೆ ಇಲ್ಲ. ಈ ಕಡೆ ಪೇಷೆಂಟ್ ಸಿಗದೆ ಒದ್ದಾಡುವ ಮಕ್ಕಳಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಸರು ಬರೆದುಕೊಂಡು, ವಾರಕ್ಕೊಂದು ದಿನ ವ್ಯಾನಿನಲ್ಲಿ ಕಾಲೇಜಿಗೆ ಕರೆತರುವ ವ್ಯವಸ್ಥೆ ಮಾಡಿಸಿ. ಪೇಷೆಂಟ್ ಅರ್ಧಕ್ಕೆ ಬಿಟ್ಟರೂ ಮಾಡಿದಷ್ಟು ಕೆಲಸಕ್ಕೆ ಅಂಕ ಸಿಗಲಿ.

ಇನ್ನೊಂದು ಮಾತು. ಪ್ರತಿ ಡೆಂಟಲ್ ಕಾಲೇಜಿನಲ್ಲೂ ಪರೀಕ್ಷೆ, ಅಂಕಗಳ ವಿಷಯಕ್ಕೆ ಸಂಬಂಧವೇ ಇಲ್ಲದ ಒಬ್ಬ ಆಪ್ತ ಸಮಾಲೋಚಕರು ಇರಬೇಕು, ಯಾಕೆಂದರೆ ಅಂಕ ಕೊಡುವವರ ಮುಂದೆ ಕೂತು ನನಗೆ ಆಗುತ್ತಿಲ್ಲ ಅಂತ ಯಾವ ಮಗು ತಾನೇ ಹೇಳುತ್ತದೆ? ವರ್ಷಕ್ಕೊಮ್ಮೆ ಓದುವ ಮಕ್ಕಳ ದವಡೆಯನ್ನೂ ನೋಡಲಿ. ಕುರ್ಚಿ, ಡಾಕ್ಟರು ಎಲ್ಲ ಅಲ್ಲೇ ಇದ್ದಾರೆ, ಹತ್ತು ನಿಮಿಷದ ಕೆಲಸ. ಬೇಗ ಗೊತ್ತಾದರೆ ಬಿಸಿ ಶಾಖ, ಮೆತ್ತನೆ ಊಟ, ವ್ಯಾಯಾಮ, ರಾತ್ರಿ ಹಲ್ಲಿಗೆ ಹಾಕುವ ಗಾರ್ಡು, ಇಷ್ಟರಲ್ಲೇ ತುಂಬ ಜನರಿಗೆ ವಾಸಿಯಾಗುತ್ತದೆ.

ಮಗಳು ಸೋಮವಾರ ಬೆಳಗಿನ ರೈಲಿಗೆ ವಾಪಸ್ ಹೋದಳು. ಇನ್ನೂ ಎರಡು ಸೆಟ್ ಬಾಕಿ ಇದೆ. ನಾನು ಈಗ ಪಕ್ಕದ ಬೀದಿಯಲ್ಲಿ ಹಲ್ಲಿಲ್ಲದವರು ಯಾರಿದ್ದಾರೆ ಅಂತ ವಿಚಾರಿಸುತ್ತಿದ್ದೇನೆ.

ಇಂತಿ,
ಮಂಡ್ಯದ ಒಬ್ಬ ತಾಯಿ