ಹೆದರಿಕೆಯ ಪಾಠ ವಾರ್ಡಿನಲ್ಲೇ ಆಗುತ್ತಿದೆ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ನರ್ಸಿಂಗ್ ಕಲಿಸುವವಳು. ಡಿಸೆಂಬರ್ 1 ಬಂತೆಂದರೆ ನಮ್ಮ ಮಕ್ಕಳಿಗೆ ಕೆಂಪು ರಿಬ್ಬನ್ ಚುಚ್ಚಿ, ಕೈಗೆ ಬ್ಯಾನರ್ ಕೊಟ್ಟು ಜಾಥಾ ಹೊರಡಿಸುತ್ತೇವೆ. ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಅವರನ್ನು ಕೇಳಿ, ಪಟಪಟನೆ ಹೇಳುತ್ತಾರೆ. ಆದರೆ ವಾರ್ಡಿಗೆ ಹೋದ ಮೇಲೆ ಅವರಲ್ಲೇ ಕೆಲವರು ಪಾಸಿಟಿವ್ ರೋಗಿಯ ಬಿಪಿ ನೋಡುವುದಕ್ಕೂ ಎರಡೆರಡು ಗ್ಲೌಸ್ ಹಾಕಿಕೊಳ್ಳುತ್ತಾರೆ. ಇದಕ್ಕೆ ಇನ್ನೊಂದು ಜಾಗೃತಿ ಕಾರ್ಯಕ್ರಮ ಮದ್ದಲ್ಲ ಎನ್ನಲಿಕ್ಕೇ ಈ ಪತ್ರ.

ಮಕ್ಕಳು ಅಲ್ಲಿ ನೋಡುವುದೇನು? ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯ ಗುರುತು. ರೌಂಡ್ಸಿನಲ್ಲಿ ದೊಡ್ಡವರು ದನಿ ತಗ್ಗಿಸಿ ‘ರೆಟ್ರೋ ಕೇಸ್’ (ಎಚ್‌ಐವಿ ಇರುವವರಿಗೆ ಆಸ್ಪತ್ರೆಯವರ ಗುಟ್ಟಿನ ಹೆಸರು) ಎನ್ನುವುದು (ತಗ್ಗಿಸಿದ ದನಿಯೂ ಪಕ್ಕದ ಮಂಚಕ್ಕೆ ಕೇಳಿಸುತ್ತದೆ, ಬಿಡಿ). ಆಪರೇಷನ್ ಪಟ್ಟಿಯಲ್ಲಿ ಕಟ್ಟಕಡೆಗೆ ತಳ್ಳಿಸಿಕೊಂಡು, ಬೆಳಗಿನಿಂದ ಉಪವಾಸ ಕಾಯುವ ರೋಗಿ. ಕೊನೆಗೆ ಅದೂ ಬೇಡವೆಂದು ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಬರೆದುಕೊಡುವ ಚೀಟಿ. ಇಷ್ಟು ಕಂಡ ಮೇಲೆ ತರಗತಿಯ ನನ್ನ ಪಾಠ ಯಾವ ಲೆಕ್ಕ?

ವಿಚಿತ್ರವೆಂದರೆ, ರಿಪೋರ್ಟೇ ಇಲ್ಲದ ರೋಗಿಯ ರಕ್ತವನ್ನು ಬರಿಗೈಯಲ್ಲಿ ತೆಗೆಯುವವರೂ ಇವರೇ. ಮುನ್ನೆಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ ಎಂಬ ನಿಯಮ ಗೋಡೆಯ ಚಾರ್ಟಿನಲ್ಲೇ ಉಳಿದಿದೆ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 1,000ಕ್ಕೆ 3. ರೋಗಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಕಡಿಮೆ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಇರುವವರ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ತಗಲುವ ಸಾಧ್ಯತೆ 100ಕ್ಕೆ 30ರವರೆಗೂ ಇದೆ. ಅದಕ್ಕೆ ಯಾರೂ ದನಿ ತಗ್ಗಿಸುವುದಿಲ್ಲ!

ಹಾಗೆಂದು ಮಕ್ಕಳ ಭಯವೆಲ್ಲ ಸುಳ್ಳು ಎನ್ನಲಾರೆ. ರಾತ್ರಿ ಪಾಳಿಯಲ್ಲಿ ಖಾಸಗಿ ಕಾಲೇಜಿನ ಹುಡುಗಿಯೊಬ್ಬಳಿಗೆ ಸೂಜಿ ಚುಚ್ಚಿತು ಎಂದಿಟ್ಟುಕೊಳ್ಳಿ. ಎಚ್‌ಐವಿ ತಗಲದಂತೆ ಕೊಡುವ ತಡೆಮಾತ್ರೆಯನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು. ಆ ಹೊತ್ತಿನಲ್ಲಿ ಆಸ್ಪತ್ರೆಯವರು ‘ನಿಮ್ಮ ಕಾಲೇಜಿನವರನ್ನು ಕೇಳು’ ಅನ್ನುತ್ತಾರೆ, ಕಾಲೇಜಿನವರು ‘ಬೆಳಿಗ್ಗೆ ನೋಡೋಣ’ ಅನ್ನುತ್ತಾರೆ. ಬೈಸಿಕೊಳ್ಳುವ ಹೆದರಿಕೆಗೆ ಚುಚ್ಚಿದ್ದನ್ನೇ ಹೇಳದೆ ಮುಚ್ಚಿಡುವವರೂ ಉಂಟು. ತನಗೆ ಯಾರೂ ದಿಕ್ಕಿಲ್ಲ ಎಂದುಕೊಂಡವಳು ರೋಗಿಯ ಹತ್ತಿರ ಹೋಗಲು ಹಿಂಜರಿದರೆ ಅವಳೊಬ್ಬಳನ್ನೇ ಹೇಗೆ ದೂರಲಿ?

ಕಾನೂನು ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು ನಿಷೇಧಿಸುತ್ತದೆ. ಅದೇ ಕಾಯ್ದೆಯ 19ನೇ ಕಲಂ, ಸೋಂಕಿನ ಅಪಾಯವಿರುವ ಕಡೆ ಕೆಲಸ ಮಾಡುವವರಿಗೆ ರಕ್ಷಣಾ ಸಾಮಗ್ರಿ, ತರಬೇತಿ, ತಡೆಮಾತ್ರೆ ಒದಗಿಸಬೇಕು ಎನ್ನುತ್ತದೆ. ಪೋಸ್ಟಿಂಗಿಗೆ, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯಲು ಬಂದ ವಿದ್ಯಾರ್ಥಿ ‘ಕೆಲಸ ಮಾಡುವವರ’ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ? ಬರುತ್ತಾರೆಂದು ತಮ್ಮ ಇಲಾಖೆ ಆರೋಗ್ಯ ಇಲಾಖೆಯೊಡನೆ ಸೇರಿ ಒಂದು ಸುತ್ತೋಲೆ ಹೊರಡಿಸಲಿ. ಯಾವ ಕಾಲೇಜಿನವರೇ ಆಗಲಿ, ಸೂಜಿ ಚುಚ್ಚಿದ ಆಸ್ಪತ್ರೆಯೇ ಅಲ್ಲೇ, ಆಗಲೇ ಮೊದಲ ಮಾತ್ರೆ ಕೊಡಬೇಕು; ಖರ್ಚು ಯಾರದೆಂಬ ಜಗಳ ಆಮೇಲೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗದೆ ಯಾರನ್ನೂ ಪೋಸ್ಟಿಂಗಿಗೆ ಕಳಿಸಬಾರದು. ಕೇಸ್ ಶೀಟಿನ ಕೆಂಪು ಗುರುತು, ಸೋಂಕಿದೆಯೆಂದು ತೋರಿಸುವ ಮಂಚದ ಬೋರ್ಡು ಹೋಗಬೇಕು.

ಇನ್ನೊಂದು ಕೋರಿಕೆ, ಇದಕ್ಕೆ ಹೆಚ್ಚು ದುಡ್ಡೂ ಬೇಡ. ವಾರ್ಡಿನಲ್ಲಿ ನಮ್ಮ ಮಕ್ಕಳು ಕಾಣುವುದು ಹಾಸಿಗೆ ಹಿಡಿದವರನ್ನು ಮಾತ್ರ. ಕೇಂದ್ರ ಸರ್ಕಾರ 2004ರಲ್ಲಿ ಎಆರ್‌ಟಿ ಉಚಿತವಾಗಿ ಕೊಡಲು ಶುರು ಮಾಡಿತು. ಅಂದಿನಿಂದ ಮಾತ್ರೆ ನುಂಗುತ್ತ ಹೊಲ ಮಾಡಿಕೊಂಡು, ಮಕ್ಕಳ ಮದುವೆ ಮುಗಿಸಿ, ಮೊಮ್ಮಕ್ಕಳನ್ನು ಎತ್ತಿಕೊಂಡವರಿದ್ದಾರೆ. ತಿಂಗಳ ಮಾತ್ರೆಗೆ ಸಾಲು ನಿಲ್ಲುವ ಅವರನ್ನು ನಮ್ಮ ವಿದ್ಯಾರ್ಥಿಗಳು ನೋಡುವುದೇ ಅಪರೂಪ. ಎಂಬಿಬಿಎಸ್, ನರ್ಸಿಂಗ್, ಡೆಂಟಲ್, ಲ್ಯಾಬ್ ಟೆಕ್ನಿಷಿಯನ್ ಓದುವ ಎಲ್ಲರಿಗೂ, ವಾರ್ಡಿನ ಪೋಸ್ಟಿಂಗಿಗೆ ಮೊದಲು, ಎಆರ್‌ಟಿ ಕೇಂದ್ರದಲ್ಲಿ ಒಂದು ವಾರ ಕಡ್ಡಾಯ ಮಾಡಿ. ಒಪ್ಪುವ ರೋಗಿಗಳು ಅವರೊಡನೆ ಕೂತು ಮಾತಾಡಲಿ, ಅದಕ್ಕೆ ಅವರಿಗೆ ಗೌರವಧನವನ್ನೂ ಕೊಡಿ. ಮುಂದಿನ ಬ್ಯಾಚ್ ಪೋಸ್ಟಿಂಗಿಗೆ ಹೊರಡುವ ಮೊದಲೇ ಸುತ್ತೋಲೆ ಬಂದರೆ ಉಪಕಾರ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನರ್ಸಿಂಗ್ ಬೋಧಕಿ