ಭಾನುವಾರದ ಭೇಟಿ: ಹೊಟ್ಟೆನೋವಿಗೆ ಸೈಕಾಲಜಿಸ್ಟ್ ಯಾಕೆ?

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10:30ಕ್ಕೆ, ನಾವು ಯಾವಾಗಲೂ ಸೇರುವ ಜಾಗದಲ್ಲೇ, ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ತರುವ ಕರುಳಿನ ತೊಂದರೆ) ಇರುವ ಸದಸ್ಯರ ಜೊತೆ ಮಾತಾಡಲು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಬರುತ್ತಿದ್ದಾರೆ. ಮನೆಯವರನ್ನೂ ಕರೆತನ್ನಿ. ಅವರು ಕೇಳಿಸಿಕೊಳ್ಳುವುದೇ ಹೆಚ್ಚು ಮುಖ್ಯ ಅಂತ ನನಗನ್ನಿಸುತ್ತದೆ.

ವಿಷಯ ತಿಳಿದ ಇಬ್ಬರು ಫೋನ್ ಮಾಡಿ, "ಹಾಗಾದ್ರೆ ನಮ್ಮ ನೋವು ಸುಳ್ಳಾ?" ಅಂತ ಬೇಸರದಿಂದ ಕೇಳಿದರು. ಖಂಡಿತ ಅಲ್ಲ. ಕರುಳಿಗೆ ತನ್ನದೇ ನರಜಾಲವಿದೆ. ವೇಗಸ್ ನರದ ಮೂಲಕವೂ ಅದು ಮಿದುಳಿನ ಜೊತೆ ಸಂಪರ್ಕದಲ್ಲಿರುತ್ತದೆ. ಆತಂಕ ಹೆಚ್ಚಿದಾಗ ಕರುಳಿನ ಚಲನೆ ಬದಲಾಗಬಹುದು, ನೋವು ಇನ್ನೂ ಜೋರಾಗಿ ಅನುಭವಕ್ಕೆ ಬರಬಹುದು. ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ನಾರ್ಮಲ್ ಬಂದರೂ ನೋವು ನಿಜವೇ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದ ಐಬಿಎಸ್ ಇರುವ ಹಲವರಿಗೆ ಉಪಯೋಗವಾಗಿದೆ. ಸೈಕಾಲಜಿಸ್ಟ್ ಮಾತ್ರೆ ಬರೆದುಕೊಡುವುದಿಲ್ಲ, ಅದು ಡಾಕ್ಟರ ಕೆಲಸ. ಹಾಗಾಗಿ ಈಗಿನ ಮಾತ್ರೆ ನಿಲ್ಲಿಸಬೇಡಿ.

ಹಳೆಯ ರಿಪೋರ್ಟ್‌ಗಳ ಜೊತೆ, ಈ ವಾರದ ಊಟ, ನಿದ್ದೆ, ನೋವು ಬಂದ ಹೊತ್ತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಭಾನುವಾರಕ್ಕೆ ಕಾಯಬೇಡಿ, ಕೂಡಲೇ ಡಾಕ್ಟರನ್ನು ಕಾಣಿ.

ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ರಿಪೋರ್ಟ್ ಫೋಟೊಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ, ಕೇಳುವುದಿದ್ದರೆ ನನಗೆ ಪ್ರತ್ಯೇಕವಾಗಿ ಕಳಿಸಿ.