ಸಮಕಾಲೀನ ಕಲೆ ಜಿಲ್ಲೆಗಳಿಗೂ ಬರಲಿ

ಮಾನ್ಯ ಸಂಪಾದಕರೇ,

‘ಈಗಿನ ಕಲೆ ನಮ್ಮಂಥವರಿಗೆ ಅರ್ಥವಾಗುವುದಿಲ್ಲ, ಅದೇನಿದ್ದರೂ ದೊಡ್ಡ ಊರಿನ ಉಳ್ಳವರ ಹವ್ಯಾಸ’ ಎಂಬ ಧಾಟಿಯ ಮಾತು ವಾಚಕರ ಪತ್ರಗಳಲ್ಲಿ ಆಗಾಗ ಕಾಣಿಸುತ್ತದೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ಸಹೋದ್ಯೋಗಿಗಳೂ ಇದನ್ನೇ ಹೇಳುತ್ತಿದ್ದರು. ಅರ್ಥವಾಗುವುದು ಬಿಡುವುದು ಆಮೇಲಿನ ಮಾತು, ಮೊದಲು ಅದು ಕಣ್ಣಿಗೆ ಬೀಳಬೇಕಲ್ಲ?

ಕಲಾವಿದೆ ಶೀಲಾ ಗೌಡ ಅವರನ್ನೇ ತೆಗೆದುಕೊಳ್ಳಿ. 1957ರಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಶಾಂತಿನಿಕೇತನದಲ್ಲಿ, ಮುಂದೆ ಲಂಡನ್ನಿನಲ್ಲಿ ಕಲಿತವರು. ಅವರ ‘ಬಿಹೋಲ್ಡ್’ ಎಂಬ ಕೃತಿ 2009ರಲ್ಲಿ ಇಟಲಿಯ ಅಂತರರಾಷ್ಟ್ರೀಯ ಕಲಾಮೇಳವಾದ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡಿತು. ಈಗ ಅದು ಲಂಡನ್ನಿನ ಟೇಟ್ ಕಲಾಸಂಗ್ರಹಾಲಯಕ್ಕೆ ಸೇರಿದೆ. ಅದರಲ್ಲಿ ಇರುವುದಾದರೂ ಏನು? ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ, ಆ ಹಗ್ಗದ ಆಸರೆಯಲ್ಲಿ ಗೋಡೆಗೆ ತೂಗುಬಿದ್ದ ಕಾರಿನ ಬಂಪರುಗಳು. ಇಷ್ಟೇ.

ಲಂಡನ್ನಿನಲ್ಲಿ ಇದನ್ನು ವಿವರಿಸಲು ಗೋಡೆಯ ಮೇಲೆ ಒಂದು ಪುಟ ಬರೆದು ಅಂಟಿಸಬೇಕು. ಭದ್ರಾವತಿಯ ಬಸ್ ನಿಲ್ದಾಣದಲ್ಲಿ ನಿಂತಿರುವ ಯಾವ ಚಾಲಕನಿಗೂ ಅದರ ಅಗತ್ಯವಿಲ್ಲ. ದೃಷ್ಟಿ ತಾಗದಿರಲಿ ಎಂದು ಗಾಡಿಗೆ ಕಟ್ಟುವ ಕರಿಹಗ್ಗ ಅವನಿಗೆ ಗೊತ್ತು. ಮುಡಿ ಕೊಡುವ ಹರಕೆಯೂ ಗೊತ್ತು. ದೇವಸ್ಥಾನದಲ್ಲಿ ಬಿದ್ದ ಕೂದಲಿನಲ್ಲಿ ಉದ್ದನೆಯದು ವಿಗ್ ವ್ಯಾಪಾರಕ್ಕೆ ಹೋಗುತ್ತದೆ, ತುಂಡುಗೂದಲು ಹೊಸೆದು ಹಗ್ಗವಾಗುತ್ತದೆ. ಅದರಲ್ಲಿ ಯಾರ ಮುಡಿ ಯಾವುದು, ಯಾವ ಜಾತಿಯದು, ಗಂಡಸಿನದೋ ಹೆಂಗಸಿನದೋ ಎಂದು ಯಾರೂ ಹೆಕ್ಕಿ ತೋರಿಸಲಾರರು. ಪರಸ್ಪರ ಪರಿಚಯವೇ ಇಲ್ಲದ ಸಾವಿರಾರು ಜನರ ಮೊರೆ ಒಂದೇ ಎಳೆಯಾಗಿ ಸೇರಿ ಉಕ್ಕಿನ ಭಾರ ಹೊರುತ್ತದೆ. ‘ನಾವು’ ಎಂದರೆ ಯಾರು ಎಂಬ ಪ್ರಶ್ನೆಯನ್ನು ಇದಕ್ಕಿಂತ ನೇರವಾಗಿ ಕೇಳಿದ ಭಾಷಣವನ್ನು ನಾನಂತೂ ಕೇಳಿಲ್ಲ. ಹಾಗೆಂದು ಇದು ಬರಿಯ ಸೌಹಾರ್ದದ ಭಿತ್ತಿಪತ್ರವೂ ಅಲ್ಲ. ಹರಕೆಯೊಳಗಿನ ಭಯ, ಅದರ ಬೆನ್ನಿಗೇ ಇರುವ ವ್ಯಾಪಾರ ಎರಡೂ ಅಲ್ಲಿವೆ. 1992ರ ಕೋಮುಗಲಭೆಗಳ ನಂತರ ಎಣ್ಣೆಬಣ್ಣದಿಂದ ಸೆಗಣಿಯ ಕಡೆಗೆ ಹೊರಳಿದ, 1998ರಲ್ಲಿ ಸೂಜಿಗಳಿಗೆ ಪೋಣಿಸಿದ ನೂಲಿಗೆ ಕುಂಕುಮ ಮೆತ್ತಿ ಕೃತಿ ಕಟ್ಟಿದ ಕಲಾವಿದೆ ಇವರು. ಎಲ್ಲವೂ ನಮ್ಮ ಮನೆಯಂಗಳದ, ಸಂತೆಯ ಸಾಮಗ್ರಿ. ಬಲ್ಲವರಿಗೇ ಅದನ್ನು ನೋಡುವ ಅವಕಾಶವಿಲ್ಲ.

ಪುಷ್ಪಮಾಲಾ ಎನ್. ಅವರದು ಬೇರೆ ದಾರಿ. ಬೆಂಗಳೂರಿನವರಾದ ಇವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಂಗಸರ ಕುರಿತ ಚಿತ್ರಮಾಲಿಕೆಯೊಂದನ್ನು ಮಾಡಿದರು. ರವಿವರ್ಮನ ಲಕ್ಷ್ಮಿ, ಬಿಜಾಪುರದ ಚಿತ್ರದ ಯೋಗಿನಿ, ಪೊಲೀಸರು ಹಿಡಿದ ಸರಗಳ್ಳಿ, ಬ್ರಿಟಿಷರು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಮೈಯಳತೆ ತೆಗೆದ ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸು ಹೀಗೆ ಹಲವು ವೇಷಗಳನ್ನು ತಾವೇ ತೊಟ್ಟು ಕ್ಯಾಮೆರಾದ ಎದುರು ನಿಂತರು. ದೇವಿಯಾಗಿ ಪೂಜೆಗೊಂಡ ಮುಖವೇ ಮರುಪುಟದಲ್ಲಿ ಅಪರಾಧಿಯಾಗುತ್ತದೆ. ಇಂಥ ಹೆಂಗಸು ಎಂದು ಹಣೆಪಟ್ಟಿ ಹಚ್ಚುವ ನಮ್ಮ ಚಟಕ್ಕೆ ಇದು ನಗುನಗುತ್ತಲೇ ಕೊಟ್ಟ ಏಟು. ಹೈಸ್ಕೂಲಿನ ಹುಡುಗಿಯರು ಇದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ, ನಕ್ಕ ಮೇಲೆ ಪ್ರಶ್ನೆಯನ್ನೂ ಕೇಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಲಾವಿದರೇ ಜನರಿಂದ ದೂರ ನಿಂತಿದ್ದಾರೆ ಎನ್ನುವವರು 2016ನ್ನು ನೆನಪಿಸಿಕೊಳ್ಳಬೇಕು. ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನದ ಸುಪರ್ದಿಗೆ ಕೊಡುವ ಒಪ್ಪಂದದ ವಿರುದ್ಧ ಬೀದಿಗಿಳಿದವರು ಕಲಾವಿದರೇ. ಕಡಿಮೆ ಬಾಡಿಗೆಗೆ ಯಾರು ಬೇಕಾದರೂ ಪ್ರದರ್ಶನ ಮಾಡಬಹುದಾದ ಜಾಗ ಸಾರ್ವಜನಿಕರದ್ದಾಗಿಯೇ ಉಳಿಯಲಿ ಎಂಬುದು ಅವರ ಹಟವಾಗಿತ್ತು.

ಪ್ರದರ್ಶನ ಏರ್ಪಡಿಸುವವರ ಬಗ್ಗೆ ನನಗೆ ತಕರಾರಿದೆ. ರಾಜಧಾನಿಯ ಒಂದು ಗ್ಯಾಲರಿಗೆ ಹೋಗಿದ್ದೆ. ಎಲ್ಲರನ್ನೂ ಒಳಗೊಳ್ಳುವುದೇ ಅಲ್ಲಿನ ಪ್ರದರ್ಶನದ ವಸ್ತು. ಆದರೆ ಗೋಡೆಯ ಮೇಲಿದ್ದ ಬರಹವೆಲ್ಲ ಇಂಗ್ಲಿಷಿನಲ್ಲಿ. ದಿನವಿಡೀ ಆ ಕೃತಿಗಳ ನಡುವೆಯೇ ನಿಲ್ಲುವ ಕಾವಲುಗಾರ ಮೆಲ್ಲಗೆ ಬಂದು, ‘ಸಾರ್, ಇಲ್ಲಿ ಏನು ಬರೆದಿದ್ದಾರೆ?’ ಎಂದು ನನ್ನನ್ನು ಕೇಳಿದ. ಎರಡು ಸಾಲು ಕನ್ನಡ ಬರೆಸಲು ಎಷ್ಟು ಖರ್ಚಾಗುತ್ತದೆ?

ಮೂಲಕೃತಿಗಳನ್ನೆಲ್ಲ ಊರೂರಿಗೆ ಸಾಗಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಟೇಟ್‌ನವರು ನಾಲ್ಕು ಕಿಲೋಮೀಟರ್ ಹಗ್ಗವನ್ನು ನಮ್ಮ ರಂಗಮಂದಿರಕ್ಕೆ ಕಳಿಸಿಕೊಡಲಿ ಎಂದು ಕೇಳುವಷ್ಟು ಹುಂಬ ನಾನಲ್ಲ. ಆದರೆ ಛಾಯಾಚಿತ್ರದ ಕೃತಿಗಳನ್ನು ಕಲಾವಿದರ ಒಪ್ಪಿಗೆ ಪಡೆದು, ಗೌರವಧನ ಕೊಟ್ಟು, ಮತ್ತೆ ಮುದ್ರಿಸಿ ಕಳಿಸಬಹುದು. ದೊಡ್ಡ ಕೃತಿಗಳ ಒಳ್ಳೆಯ ಚಿತ್ರ, ವಿಡಿಯೊ ತೋರಿಸಬಹುದು. ಕರ್ನಾಟಕ ಲಲಿತಕಲಾ ಅಕಾಡೆಮಿ ಮನಸ್ಸು ಮಾಡಿದರೆ ವರ್ಷಕ್ಕೊಂದು ಸಂಚಾರಿ ಪ್ರದರ್ಶನವನ್ನು ಕನ್ನಡದ ವಿವರಣೆಯೊಂದಿಗೆ ಜಿಲ್ಲಾ ಕೇಂದ್ರಗಳಿಗೆ ಒಯ್ಯಬಹುದು. ಉದ್ಘಾಟನೆಗೆ ಸಚಿವರ ದಿನಾಂಕ ಸಿಗಲಿಲ್ಲ ಎಂದು ಮುಂದೂಡದಿದ್ದರೆ ಸಾಕು. ಶಾಲೆಗಳು ತೆರೆದಿರುವ ತಿಂಗಳಲ್ಲಿ ಇಟ್ಟುಕೊಂಡರೆ ಮಕ್ಕಳನ್ನು ಕರೆತರಲು ನಮ್ಮಂಥ ನಿವೃತ್ತರು ಸಿದ್ಧರಿದ್ದೇವೆ. ಮೊದಲ ಪ್ರದರ್ಶನ ಭದ್ರಾವತಿಯಲ್ಲೇ ಆಗಲಿ.

– ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ, ಭದ್ರಾವತಿ